ನಸರಿ ಜೇನಿಗೆ ಹೋದ ನನ್ನ ರವಿಕೆ

ಅವರ ಬಲಗೈ ತೋರುಬೆರಳಿಗೆ ಯಾವಾಗಲೂ ಸಕ್ಕರೆನೀರು ಮೆತ್ತಿರುತ್ತಿತ್ತು, ಅದರ ಮೇಲೆ ನೀಲಿ ದಾರದ ಚೂರುಗಳು. ಆ ಅಂಟುಬೆರಳಲ್ಲೇ ನನ್ನ ಅಳತೆ ರವಿಕೆಯನ್ನು ಮುಟ್ಟಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಜ್ಜಂಪುರದಲ್ಲಿ ನಮ್ಮ ಮನೆಯ ಎದುರಿಗೇ ಅಂಗಡಿ ಇಟ್ಟಿದ್ದ ಟೈಲರ್ ಅವರು. ಯಾರೋ ಕಿತ್ತೆಸೆದ ಮರದ ಕರೆಂಟ್ ಮೀಟರ್ ಪೆಟ್ಟಿಗೆಯೊಳಗೆ ನಸರಿ ಜೇನು ಗೂಡು ಕಟ್ಟಿತ್ತು. ನೊಣಕ್ಕಿಂತ ಸಣ್ಣವು, ಕುಟುಕಲು ಮುಳ್ಳೂ ಇಲ್ಲ. ಆ ಪೆಟ್ಟಿಗೆಯನ್ನೇ ತಂದು ಅಂಗಡಿ ಗೋಡೆಗೆ ತಗುಲಿಸಿಕೊಂಡಿದ್ದರು. ಬೇಸಿಗೆಯಿಂದ ಹಿಡಿದು ಮಳೆ ಬಂದು ಬೆಳೆ ಹೂ ಬಿಡುವವರೆಗೆ ನಮ್ಮ ಎರೆಹೊಲಗಳಲ್ಲಿ ಹೂವೆಲ್ಲಿ? ಅದಕ್ಕೇ ಔಷಧಿ ಬಾಟ್ಲಿಯ ಮುಚ್ಚಳದಲ್ಲಿ ಸಕ್ಕರೆನೀರು ಇಡುತ್ತಿದ್ದರು. ಒಮ್ಮೆ ನಮ್ಮತ್ತೆಯ ಕೆಮ್ಮಿನ ಔಷಧಿಯ ಮುಚ್ಚಳವನ್ನೇ ಎತ್ತಿಕೊಂಡು ಹೋಗಿಬಿಟ್ಟರು. ಬಾಟ್ಲಿಯಲ್ಲಿ ಇನ್ನೂ ಅರ್ಧ ಔಷಧಿಯಿತ್ತು!

ಯುಗಾದಿಗೆಂದು ನೀಲಿ ಕೈಮಗ್ಗದ ರವಿಕೆ ಬಟ್ಟೆ ಕೊಟ್ಟಿದ್ದೆ. ಕಾರಹುಣ್ಣಿಮೆ ಬಂದರೂ ಒಂದೇ ಉತ್ತರ: "ನಾಳೆ ಕೊಡ್ತೀನಿ ಕಣಮ್ಮ."

ಆಮೇಲೆ ಅವರಿಗೆ ಎದೆನೋವು ಬಂದು ನಾಲ್ಕು ದಿನ ತರೀಕೆರೆ ಆಸ್ಪತ್ರೆ ಸೇರಿದರು. ಹೆಂಡತಿಯ ಜೊತೆ ಹೊರಡುವಾಗ ಅಂಗಡಿ ಬೀಗದ ಕೈ ನನಗೇ ಕೊಟ್ಟರು.

"ಟೀಚರಮ್ಮ, ಮುಚ್ಚಳಕ್ಕೆ ದಾರ ಹಾಕೋದು ಮರೀಬೇಡಿ. ನಿಂತ್ಕೊಂಡು ಕುಡಿಯೋಕೆ ಜಾಗ ಬೇಡ್ವಾ ಅವಕ್ಕೆ?"

ಅವರಿಗೆ ತಮ್ಮ ಎದೆಗಿಂತ ಜೇನಿನದೇ ಚಿಂತೆ. ನನಗೋ ಸ್ಕೂಲಿಗೆ ಹೊತ್ತಾಗಿತ್ತು. ಬರೀ ಸಕ್ಕರೆನೀರು ತುಂಬಿಟ್ಟು ಓಡಿದೆ. ಸಂಜೆ ನೋಡಿದರೆ ಮುಚ್ಚಳದ ತುಂಬ ಜೇನುಹುಳುಗಳು ಸತ್ತು ತೇಲುತ್ತಿದ್ದವು. ಎಸೆಯಲೂ ಧೈರ್ಯವಾಗದೆ ಹಾಗೇ ಬಿಟ್ಟೆ.

ವಾಪಸು ಬಂದವರು ಸೂಜಿಮೊನೆಯಲ್ಲಿ ಒಂದೊಂದನ್ನೇ ಎತ್ತಿ ಪೇಪರಿನ ಮೇಲಿಟ್ಟರು. ನಾನು ಬೈಗುಳಕ್ಕೆ ಕಾದು ನಿಂತಿದ್ದೆ.

"ಗೂಡು ಉಳೀತದೆ ಬಿಡಿ. ನಾಳೆಯಿಂದ ದಾರ ನೀವೇ ಕತ್ತರಿಸ್ಕೊಡಿ."

ಆ ನಾಳೆ ಮಾತ್ರ ತಪ್ಪಲಿಲ್ಲ. ದಿನಾ ಬೆಳಿಗ್ಗೆ ಒಂದು ಹಿಡಿ ನೀಲಿ ದಾರ, ಒಂದು ಕತ್ತರಿ ನನ್ನ ಮುಂದೆ. ಗೊಣಗಿಕೊಂಡೇ ಕತ್ತರಿಸಿದೆ. ಬಿಡಲು ಮನಸ್ಸೂ ಬರಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರು ಹೋಗಿಬಿಟ್ಟರು. ಹದಿನೈದು ದಿನ ಕಳೆದ ಮೇಲೆ ಅವರ ಹೆಂಡತಿ ಮೀಟರ್ ಪೆಟ್ಟಿಗೆಯನ್ನೂ ಮಡಚಿದ ಒಂದು ಬಟ್ಟೆಯನ್ನೂ ತಂದಿಟ್ಟರು. ನನ್ನ ರವಿಕೆ ಬಟ್ಟೆ! ಬಿಡಿಸಿದರೆ ಒಂದು ಕಡೆ ಗೇಣುದ್ದ ನೂಲೆಲ್ಲ ಕಿತ್ತುಹೋಗಿತ್ತು.

"ನೈಲಾನ್ ದಾರ ಅವುಗಳ ಕಾಲಿಗೆ ಸಿಕ್ಕಾಕೊಳ್ತದೆ ಅಂತಿದ್ರು ಕಣಮ್ಮ. ಅಂಗಡೀಲಿ ಅಪ್ಪಟ ಹತ್ತಿ ಅಂದ್ರೆ ನಿಮ್ದೊಂದೇ ಇದ್ದಿದ್ದಂತೆ."

ಅಂದರೆ ಅಷ್ಟು ದಿನ ನನ್ನ ರವಿಕೆಗೆ ನನ್ನ ಕೈಯಲ್ಲೇ ಕತ್ತರಿ ಹಾಕಿಸಿದ್ದರು ಮಹಾನುಭಾವರು! ನಿಂತಲ್ಲೇ ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಅಳು ಬಂತು. ಅವರ ಹೆಂಡತಿಯೂ ಕಣ್ಣೊರೆಸಿಕೊಂಡರು.

ಈಗ ಪೆಟ್ಟಿಗೆ ನಮ್ಮ ಜಗಲಿಯಲ್ಲಿದೆ, ಗೂಡು ತುಂಬಿಕೊಂಡಿದೆ. ಈ ಬೇಸಿಗೆಯಲ್ಲೂ ಬೆಳಿಗ್ಗೆ ಎದ್ದು ಅದೇ ಬಟ್ಟೆಯಿಂದ ನೂಲು ಕೀಳುತ್ತೇನೆ. ನೋಡಿ ನೋಡಿ ಸಾಕಾಗಿ ಅತ್ತೆ ಕೇಳುತ್ತಾರೆ, "ಅದನ್ನ ರವಿಕೆ ಹೊಲಿಸೋದು ಯಾವಾಗ್ಲೇ?"

"ನಾಳೆ," ಎನ್ನುತ್ತೇನೆ.