ಹದ್ದಿನ ಕಾಲಿನ ನಡುವಿನ ಗುರುತು

೨೦೧೭ರಲ್ಲಿ ನಾನು ಮಂಗಳೂರಿನ ಒಂದು ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ಕ್ಯುರೇಟರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಹಳೆಯ ನಾಣ್ಯಗಳನ್ನು ಪರೀಕ್ಷಿಸಿ ಅಸಲಿಯೋ ನಕಲಿಯೋ ಎಂದು ಬರೆದುಕೊಡುವುದೂ ನನ್ನ ಕೆಲಸವಾಗಿತ್ತು. ಎಷ್ಟೋ ವರ್ಷ ಊರಿನವರು ನಾಣ್ಯ ಸಿಕ್ಕಿದರೆ ನೇರ ನನ್ನಲ್ಲಿಗೇ ಬರುತ್ತಿದ್ದರು. ಆಮೇಲೆ ಐವನ್ ಬಂದ.

ಐವನ್ ನಮ್ಮ ಕಾಲೇಜಿನದೇ ಕೆಮಿಸ್ಟ್ರಿ ಲೆಕ್ಚರರ್, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ನಾಣ್ಯ ಅವನಿಗೆ ಬರೀ ಹವ್ಯಾಸ. ಆದರೂ ಜನ ಮೊದಲು ಅವನ ಲ್ಯಾಬಿಗೆ ಹೋಗಿ, ಸೀಲು ಬೇಕಾದಾಗ ಮಾತ್ರ ನನ್ನ ಹತ್ತಿರ ಬರತೊಡಗಿದರು. ಮುಚ್ಚಿಟ್ಟು ಏನು ಪ್ರಯೋಜನ? ನನಗೆ ಹೊಟ್ಟೆ ಉರಿಯುತ್ತಿತ್ತು. ಕ್ಯಾಂಟೀನಿನಲ್ಲಿ ಅವನ ಸುತ್ತ ನಾಲ್ಕು ಜನ ನಗುತ್ತಿದ್ದರೆ ನನ್ನ ಚಹಾ ಸಪ್ಪೆಯಾಗುತ್ತಿತ್ತು.

ಆ ನವೆಂಬರಿನಲ್ಲಿ ಕಂಕನಾಡಿಯ ನಿವೃತ್ತ ನರ್ಸ್ ಫ್ಲೋರಿನ್ ಬಾಯಿ ಒಂದು ಕಂಚಿನ ನಾಣ್ಯ ತಂದರು. ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಅವರ ಗಂಡ ಈಜಿಪ್ಟಿನ ಬಂದರಿನಲ್ಲಿ ಕೊಂಡದ್ದಂತೆ. ಎರಡು ಸಾವಿರ ವರ್ಷ ಹಳೆಯದೆಂದು ಹೇಳುತ್ತಿದ್ದರಂತೆ. ಗಂಡ ತೀರಿಹೋಗಿ ವರ್ಷವಾಗಿತ್ತು. ಚರ್ಚಿನ ಪ್ರದರ್ಶನದಲ್ಲಿ ಅದನ್ನು ಗಂಡನ ಹೆಸರಿನಲ್ಲಿ ಇಡಬೇಕೆಂದು ಫ್ಲೋರಿನ್ ಬಾಯಿಯ ಆಸೆ. ಅದಕ್ಕೆ ನನ್ನ ಪ್ರಮಾಣಪತ್ರ ಬೇಕಿತ್ತು.

“ಐವನ್ ಸರ್ ನೋಡಿದ್ದಾರೆ. ಅಸಲಿ ಅಂತ ಹೇಳಿದ್ರು. ನಿಮ್ಮದೊಂದು ಸೈನ್ ಸಿಕ್ಕಿದ್ರೆ ಸಾಕು.”

ಪ್ಲಾಸ್ಟಿಕ್ ಕವರಿನ ಮೇಲೆ ಐವನನ ದುಂಡಗಿನ ಅಕ್ಷರ: ‘ಗ್ರೀಕರ ಆಳ್ವಿಕೆಯ ಈಜಿಪ್ಟ್, ಕ್ರಿಸ್ತಪೂರ್ವ ಮೂರನೇ ಶತಮಾನ’. ನಾಣ್ಯದ ಒಂದು ಬದಿಯಲ್ಲಿ ಗಡ್ಡದ ದೇವರು, ಇನ್ನೊಂದು ಬದಿಯಲ್ಲಿ ಹದ್ದು. ಹದ್ದಿನ ಕಾಲುಗಳ ನಡುವೆ ಒಂದು ಗುರುತು, ಇಂಗ್ಲಿಷಿನ ‘ಪಿ’ ಅಕ್ಷರದ ಮೇಲೆ ‘ಎಕ್ಸ್’ ಬರೆದ ಹಾಗೆ. ಇದಕ್ಕೆ ಖೀ-ರೋ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಕ್ರಿಸ್ತ ಎಂಬ ಹೆಸರಿನ ಮೊದಲ ಎರಡು ಅಕ್ಷರಗಳು ಅವು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನ ನಾಣ್ಯಗಳಲ್ಲಿ ಆ ಚಿಹ್ನೆ ಕಾಣಿಸಿಕೊಂಡದ್ದು ಕ್ರಿಸ್ತಶಕ ನಾಲ್ಕನೇ ಶತಮಾನದಲ್ಲಿ.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಏಸು ಹುಟ್ಟುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲಿನ ನಾಣ್ಯದಲ್ಲಿ ಏಸುವಿನ ಗುರುತು ಎಲ್ಲಿಂದ ಬರಬೇಕು? ಪ್ರವಾಸಿಗರಿಗೆ ಮಾರಲು ಯಾರೋ ಆಮೇಲೆ ಕೆತ್ತಿದ್ದಾರೆ. ಅಂತೂ ಐವನ್ ಎಡವಿದ್ದ! ನಾಣ್ಯವನ್ನು ಕವರಿನಿಂದ ಹೊರಗೆ ತೆಗೆಯುವಷ್ಟು ತಾಳ್ಮೆಯೂ ನನಗಿರಲಿಲ್ಲ. ಹತ್ತು ನಿಮಿಷದಲ್ಲಿ ‘ಗುರುತು ನಕಲಿ, ಇತ್ತೀಚಿನ ಕೆತ್ತನೆ’ ಎಂದು ಬರೆದು ಸೀಲು ಒತ್ತಿದೆ.

ಫ್ಲೋರಿನ್ ಬಾಯಿ ಕಾಗದವನ್ನು ಎರಡು ಸಲ ಓದಿದರು. “ನಮ್ಮವರು ನಲ್ವತ್ತು ವರ್ಷ ನನ್ನತ್ರ ಸುಳ್ಳು ಹೇಳಿದ್ದಾ ಸರ್?”

ಅವರಿಗೂ ಯಾರೋ ಮೋಸ ಮಾಡಿರಬೇಕು ಎಂದೆ. ಪ್ರದರ್ಶನದ ಪಟ್ಟಿಯಿಂದ ಗಂಡನ ಹೆಸರನ್ನು ಅಂದೇ ತೆಗೆಸಿದರಂತೆ.

ಮೂರನೇ ದಿನ ಐವನ್ ಫ್ಲೋರಿನ್ ಬಾಯಿಯಿಂದ ಅದೇ ನಾಣ್ಯ ಕೇಳಿ ತಂದ. ಜಗಳಕ್ಕೆ ಬಂದಿದ್ದಾನೆಂದು ನಾನೂ ಸಿದ್ಧನಾದೆ. ಅವನು ನಾಣ್ಯವನ್ನು ಕವರಿನಿಂದ ತೆಗೆದು, ನನ್ನದೇ ಲೆನ್ಸನ್ನು ಪಕ್ಕದಲ್ಲಿಟ್ಟ.

“ಒಮ್ಮೆ ಓರೆ ಬೆಳಕಲ್ಲಿ ನೋಡಿ ಸರ್. ಮತ್ತೆ ನೀವು ಎಂತ ಹೇಳಿದ್ರೂ ನಾನು ಒಪ್ತೇನೆ.”

ನೋಡಿದೆ. ಗುರುತು ಹದ್ದಿನ ರೆಕ್ಕೆಯಷ್ಟೇ ಉಬ್ಬಿತ್ತು. ಟಂಕಸಾಲೆಯ ಅಚ್ಚಿನಿಂದ ಮೂಡಿದ್ದು ಹೀಗೆ ಉಬ್ಬಿರುತ್ತದೆ, ಆಮೇಲೆ ಕೆತ್ತಿದ್ದು ತಗ್ಗಿರುತ್ತದೆ. ಪ್ರತಿವರ್ಷ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮೊದಲ ಪಾಠವೇ ಅದು. ಆ ಸಂಜೆ ಗ್ರೀಕರ ಕಾಲದ ಈಜಿಪ್ಟ್ ನಾಣ್ಯಗಳ ಪುಸ್ತಕ ತೆರೆದರೆ ಅಂಥದೇ ಹದ್ದು, ಅಂಥದೇ ಗುರುತು ಅಲ್ಲಿತ್ತು. ಬಹುಶಃ ಟಂಕಸಾಲೆಯ ಯಾವನೋ ಅಧಿಕಾರಿಯ ಗುರುತು. ಕ್ರೈಸ್ತರು ಆ ಅಕ್ಷರಜೋಡಿಗೆ ಹೊಸ ಅರ್ಥ ಕೊಟ್ಟದ್ದು ಶತಮಾನಗಳ ನಂತರ.

ಮರುದಿನ ಹೊಸ ಪ್ರಮಾಣಪತ್ರ ಹಿಡಿದು ಕಂಕನಾಡಿಗೆ ಹೋದೆ. “ತಪ್ಪು ನನ್ನದು, ಫ್ಲೋರಿನ್ ಬಾಯಿ. ನಿಮ್ಮ ಯಜಮಾನರು ಹೇಳಿದ್ದು ಸತ್ಯ.”

ಅವರು ಗೋಡೆಯ ಮೇಲಿದ್ದ ಗಂಡನ ಫೋಟೋದ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಹೇಳಿದರು. ಆಮೇಲೆ ನನಗೆ, “ನಾಲ್ಕು ದಿನ ಇವರತ್ರ ನಾನು ಮಾತಾಡ್ಲಿಲ್ಲ ಸರ್. ಅದನ್ನು ನೀವು ಹೇಗೆ ವಾಪಸ್ ಕೊಡ್ತೀರಿ?” ಎಂದರು.

ಪ್ರದರ್ಶನದ ಫಲಕವನ್ನು ನಾನೇ ಬರೆದೆ. ಮೇಲೆ ಫ್ಲೋರಿನ್ ಬಾಯಿಯ ಗಂಡನ ಹೆಸರು, ಕೆಳಗೆ ‘ಗುರುತಿಸಿದವರು: ಐವನ್’. ಐವನನ ಹೆಸರನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಬರೆದೆ.

ವಸ್ತುವನ್ನು ನೋಡುವ ಮೊದಲು ಅದು ಯಾರ ಕೈ ದಾಟಿ ಬಂತೆಂದು ನೋಡಬಾರದು. ಇಷ್ಟು ಕಲಿಯಲು ನನಗೆ ಇಡೀ ಸರ್ವಿಸು ಬೇಕಾಯಿತು. ಈಗಲೂ ಯಾರಾದರೂ ಮನೆಗೆ ನಾಣ್ಯ ತಂದರೆ ಮೊದಲು ಲೆನ್ಸ್ ಹಿಡಿಯುತ್ತೇನೆ, ಯಾರು ಕಳುಹಿಸಿದ್ದೆಂದು ಆಮೇಲೆ ಕೇಳುತ್ತೇನೆ. ಐವನ್ ಕಳುಹಿಸಿದ್ದೆಂದರೆ ಹೊಟ್ಟೆಯೊಳಗೆ ಸಣ್ಣಗೆ ಉರಿಯುವುದು ನಿಂತಿಲ್ಲ. ಆದರೆ ಅಷ್ಟು ಹೊತ್ತಿಗೆ ಕಣ್ಣು ತನ್ನ ಕೆಲಸ ಮುಗಿಸಿರುತ್ತದೆ.