ತೆರಿಗೆಗೊಬ್ಬ ಅಪ್ಪ

ಸಿಟಿ ಬಸ್ ಓಡಿಸುವ ಅವಳಿಗೆ ಡಿಪೋದಲ್ಲಿ 'ಮೆಣಸಿನಕಾಯಿ' ಎಂದೇ ಹೆಸರು. ಪಾರ್ಶ್ವವಾಯು ಬಡಿದ ಅಪ್ಪನನ್ನು ವರ್ಷಗಳಿಂದ ನೋಡಿಕೊಂಡವಳು ಅವಳೇ. ಬೆಳಗಿನ ಪಾಳಿಗೆ ಹೊರಡುವ ಮೊದಲು ಮೈ ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸಬೇಕು. ಕೈಕಾಲು ಬಿದ್ದಿದ್ದರೂ ಅಪ್ಪನ ಬಾಯಿ ಬಿದ್ದಿರಲಿಲ್ಲ. "ಇದು ಗಂಜಿ ಅಲ್ಲ, ಗೋಡೆಗೆ ಬಳಿಯೋ ಸುಣ್ಣ," ಎಂದು ಉಗಿಯುತ್ತಿದ್ದ.

ಈ ಸಲ ತೆರಿಗೆ ವಿವರ ಸಲ್ಲಿಸುವಾಗ ಅವಳು ಅಪ್ಪನನ್ನು ತನ್ನ ಅವಲಂಬಿತನೆಂದು ತೋರಿಸಿದಳು. ತೆರಿಗೆ ಕಚೇರಿಯವರು ಒಪ್ಪಲಿಲ್ಲ. ಅದೇ ಅಪ್ಪನನ್ನು ಅವಳ ಅಣ್ಣ ಆಗಲೇ ತೋರಿಸಿ ರಿಯಾಯಿತಿ ಪಡೆದಿದ್ದನಂತೆ. ಅಪ್ಪನ ಹಾಸಿಗೆ ಯಾವ ಕೋಣೆಯಲ್ಲಿದೆ ಎಂಬುದೂ ಗೊತ್ತಿಲ್ಲದ ಅಣ್ಣ!

ಡ್ಯೂಟಿ ಮುಗಿದದ್ದೇ ತಡ, ಯೂನಿಫಾರ್ಮಿನಲ್ಲೇ ಅವನ ಫರ್ನಿಚರ್ ಅಂಗಡಿಗೆ ನುಗ್ಗಿದಳು.

"ಯಾವ ಮುಖ ಇಟ್ಕೊಂಡು ಅಪ್ಪನ ಹೆಸರು ಹಾಕ್ದೆ?"

ಅಣ್ಣ ಸೋಫಾದ ದೂಳು ಕೊಡವುತ್ತಲೇ ಹೇಳಿದ: "ನನಗೂ ಅಪ್ಪನೇ ತಾನೆ? ನಿನ್ನ ಸಂಬಳಕ್ಕೆ ಬರೋ ತೆರಿಗೆ ಎಷ್ಟು ಮಹಾ! ನನ್ನ ಲೆಕ್ಕದಲ್ಲಿದ್ರೆ ಉಪಯೋಗಕ್ಕಾದ್ರೂ ಬರ್ತಾರೆ."

"ಹಾಗಾದ್ರೆ ಉಪಯೋಗಿಸ್ಕೋ."

ಭಾನುವಾರ ಅಂಗಡಿ ತುಂಬ ಗಿರಾಕಿಗಳಿದ್ದಾಗ, ಅವಳು ಅಪ್ಪನ ಗಾಲಿಕುರ್ಚಿ ತಳ್ಳಿಕೊಂಡು ಬಂದು ಊಟದ ಮೇಜುಗಳ ನಡುವೆ ನಿಲ್ಲಿಸಿದಳು. ಮಾತ್ರೆಗಳ ಚೀಲವನ್ನು ಅಣ್ಣನ ಕೈಗೆ ತುರುಕಿದಳು.

"ಅಯ್ಯೋ, ಜನ ನೋಡ್ತಿದ್ದಾರೆ ಕಣೇ!" ಅತ್ತಿಗೆ ಕಂಗಾಲಾದಳು.

"ನೋಡ್ಲಿ ಬಿಡಿ ಅತ್ತಿಗೆ. ಅಪ್ಪ ಯಾರ ಹತ್ರ ಇದ್ದಾರೆ ಅಂತ ನಾಳೆ ಸಾಕ್ಷಿ ಹೇಳೋಕೆ ಬೇಕಲ್ಲ."

ಅವಳು ಬಾಗಿಲು ದಾಟುವಷ್ಟರಲ್ಲಿ ಅಪ್ಪ ಅರಚಿದ: "ಹೋಗು! ಹಳೇ ಮಂಚ ಮಾರೋಕೆ ತಂದ ಹಾಗೆ ತಂದು ಬಿಸಾಡ್ದೆ ಅಲ್ವಾ? ನಿನಗಿಂತ ಇವನೇ ವಾಸಿ!"

ಆ ಮಾತು ಎದೆಗೆ ನಾಟಿತು. ಆದರೂ ಅವಳು ತಿರುಗಿ ನೋಡಲಿಲ್ಲ.

ವಾರ ತುಂಬುವುದರೊಳಗೆ ಅಣ್ಣನ ಫೋನ್ ಬಂತು. ಆರೈಕೆಗೆ ಇಟ್ಟುಕೊಂಡ ಹೆಂಗಸು ಬೈಗುಳ ತಾಳಲಾರದೆ ಕಾಲಿಗೆ ಬುದ್ಧಿ ಹೇಳಿದ್ದಳು. ಅತ್ತಿಗೆ ತವರಿಗೆ ಹೊರಟು ನಿಂತಿದ್ದಳು.

"ಬಂದು ಕರ್ಕೊಂಡು ಹೋಗೇ."

"ಮೊದಲು ನಿನ್ನ ವಿವರ ತಿದ್ದಿ ಅಪ್ಪನ ಹೆಸರು ತೆಗಿ. ಆಮೇಲೆ ಮಾತು."

ಅಣ್ಣ ಹಲ್ಲು ಕಡಿಯುತ್ತ ತಿದ್ದಿದ. ದಂಡ ಕಟ್ಟಿದ. ಇನ್ನು ತಂಗಿಯ ಮುಖ ನೋಡುವುದಿಲ್ಲ ಎಂದು ಆಣೆ ಹಾಕಿದ. ಅವಳಿಗೂ ಅದೇ ಬೇಕಿತ್ತು.

ಮನೆಗೆ ಬಂದ ಅಪ್ಪನನ್ನು ಎತ್ತಿ ಹಾಸಿಗೆಗೆ ಒರಗಿಸಿದಾಗ ಅವನು ಗೋಡೆಯತ್ತ ಮುಖ ತಿರುಗಿಸಿದ. "ಇಬ್ಬರಲ್ಲಿ ಒಬ್ಬರಾದ್ರೂ ನನ್ನನ್ನ ಒಂದು ಮಾತು ಕೇಳಿದ್ರಾ?"

"ಇಲ್ಲ," ಎಂದಳು ಅವಳು. "ಕೇಳೋದೂ ಇಲ್ಲ. ಬಾಯಿ ತೆಗಿ."

ಅಪ್ಪ ಬಾಯಿ ತೆರೆದು, ಗಂಜಿಯ ಚಮಚವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಅವಳು ಎಳೆದಳು. ಅವನು ಬಿಡಲಿಲ್ಲ.