ಕಲ್ಲುಬಾನಿಯ ಒಂಟಿಗಣ್ಣಿನವರು

ಮೂಡಲಪಾಳ್ಯದ ಜಗದಾಂಬಾ ಟೀಚರ್ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಬೇರೆಯವರು ತಾರಸಿಯಲ್ಲಿ ಗುಲಾಬಿ ಬೆಳೆಸಿದರೆ ಇವರು ಕಲ್ಲುಬಾನಿಯಲ್ಲಿ ಸೈಕ್ಲಾಪ್ಸ್ ಸಾಕಿದ್ದರು. ನೀರಿನಲ್ಲಿ ಬದುಕುವ, ಸಾಸಿವೆಗಿಂತ ಚಿಕ್ಕ ಪ್ರಾಣಿ, ತಲೆಗೆಲ್ಲ ಒಂದೇ ಕಣ್ಣು, ತಾಯಿಯಾದರೆ ಬಾಲದ ಎರಡೂ ಪಕ್ಕ ಮೊಟ್ಟೆಚೀಲ. ಆಗತಾನೇ ಹುಟ್ಟಿದ ಸೊಳ್ಳೆಮರಿ ಕಂಡರೆ ಬಿಡುವ ಪೈಕಿಯಲ್ಲ.

ಇದನ್ನು ಯಾರು ನಂಬಬೇಕು? ಬೀದಿಯಲ್ಲಿ ನಾಲ್ವರಿಗೆ ಡೆಂಗಿ ಬಂದದ್ದೇ, ಬಡಾವಣೆ ಸಂಘದ ಅಧ್ಯಕ್ಷ ಚನ್ನಮಲ್ಲಪ್ಪ ಮೆಟ್ಟಿಲು ಹತ್ತಿ ಬಂದರು.

"ಟೀಚರ್, ದೀಪಾವಳಿ ಆಗಿ ಎರಡನೇ ಭಾನುವಾರ ಬರ್ತೀನಿ. ಒಂದು ಸೊಳ್ಳೆಮರಿ ಕಂಡ್ರೂ ಬಾನಿ ಎತ್ತಿಸ್ಬೇಕಾಗುತ್ತೆ."

"ಧಾರಾಳವಾಗಿ ಬನ್ನಿ," ಎಂದರು ಟೀಚರ್.

ನೀರು ತುಂಬುವ ಹಬ್ಬ ಬಂತು. ಸೊಸೆ ನಿಖಿತಾ ಹಂಡೆ, ಕೊಡ ಎಲ್ಲ ತೊಳೆದವಳು ಅದೇ ಹುರುಪಿನಲ್ಲಿ ಕಲ್ಲುಬಾನಿಯನ್ನೂ ಬರಿದು ಮಾಡಿ, ಗಸಗಸ ಉಜ್ಜಿ, ಹಾಗಲಬಳ್ಳಿ ಸುತ್ತಿ ಕುಂಕುಮ ಹಚ್ಚಿಟ್ಟಳು. ಟೀಚರ್ ಬಂದು ನೋಡಿದರೆ ಬಾನಿ ಥಳಥಳ, ಸೈಕ್ಲಾಪ್ಸ್ ಒಂದೂ ಇಲ್ಲ. ಅಷ್ಟು ಅಕ್ಕರೆಯ ಕೆಲಸಕ್ಕೆ ಬೈಯುವುದಾದರೂ ಹೇಗೆ?

"ಕೆಸರು ಎಲ್ಲಿ ಹಾಕ್ದೆ?"

"ದಾಸವಾಳದ ಕುಂಡಕ್ಕೆ ಅತ್ತೆ. ಯಾಕೆ?"

ಟೀಚರ್ ಆಗಲೇ ಕುಂಡದ ಮುಂದೆ ಕುಳಿತು ಕೆಸರು ಬಾಚುತ್ತಿದ್ದರು. ಕೆರೆ ಬತ್ತಿದಾಗ ಅರೆಬೆಳೆದ ಸೈಕ್ಲಾಪ್ಸ್ ಕೆಸರಿನೊಳಗೆ ಮುದುಡಿ ಮಲಗುತ್ತದೆ, ನೀರು ಬಂದರೆ ಏಳುತ್ತದೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದು ಅವರೇ. ನಲ್ಲಿ ನೀರನ್ನು ಎರಡು ದಿನ ಬಿಸಿಲಿಗಿಟ್ಟು, ಕ್ಲೋರಿನ್ ಹಾರಿದ ಮೇಲೆ ಬಾಚಿದ ಕೆಸರಿನ ಜೊತೆ ಬಾನಿಗೆ ಸುರಿದರು. ಒಂದು ದಿನ, ಎರಡು ದಿನ, ಐದು ದಿನ. ಏನೂ ಇಲ್ಲ. ಅವರಿಗೆ ಊಟ ಸೇರಲಿಲ್ಲ.

ಎಂಟನೇ ದಿನ ಬೆಳಗ್ಗೆ ತಾರಸಿಯಿಂದ ನಿಖಿತಾ ಕೂಗಿದಳು. "ಅತ್ತೆ, ಏನೋ ಪುಟಪುಟ ಅಂತ ಜಿಗೀತಾ ಇದೆ!"

ಟೀಚರ್ ಲೆನ್ಸ್ ಹಿಡಿದರು. ಎರಡು ಚೀಲ ಹೊತ್ತ ತಾಯಂದಿರು!

"ಬದುಕಿದಾವೆ ಕಣೇ!" ಎಂದು ಸೊಸೆಯನ್ನು ತಬ್ಬಿಕೊಂಡು ಕಣ್ಣು ಒರೆಸಿಕೊಂಡರು.

ಭಾನುವಾರ ಚನ್ನಮಲ್ಲಪ್ಪ ಟಾರ್ಚ್ ಬಿಟ್ಟು ಹುಡುಕಿದರೂ ಒಂದು ಸೊಳ್ಳೆಮರಿ ಸಿಗಲಿಲ್ಲ. "ಮೊನ್ನೆ ತಾನೇ ತೊಳೆದಿದ್ದಕ್ಕೆ ಇಲ್ಲ ಅಷ್ಟೇ," ಎಂದು ಗೊಣಗಿದರು.

ಟೀಚರ್ ಒಂದು ಲೋಟ ಬಾನಿ ನೀರಿಗೆ ಐದಾರು ಎಳೆ ಸೊಳ್ಳೆಮರಿ ಬಿಟ್ಟು ಲೆನ್ಸ್ ಕೊಟ್ಟರು. ಒಂಟಿಗಣ್ಣಿನದೊಂದು ಗಬಕ್ಕನೆ ಹಿಡಿಯಿತು. ಅಧ್ಯಕ್ಷರು ಬಾಯಿ ತೆರೆದರು.

"ಈ ಮರಿಗಳು ಎಲ್ಲಿ ಸಿಕ್ವು ಟೀಚರ್?"

"ನಿಮ್ಮನೆ ಮನಿಪ್ಲಾಂಟ್ ತಟ್ಟೇಲಿ."

ಚನ್ನಮಲ್ಲಪ್ಪ ತಲೆ ಕೆರೆದುಕೊಂಡು ನಕ್ಕರು. "ಹಾಗಾದ್ರೆ ನಮ್ಮನೆಗೂ ಒಂದು ಲೋಟ ಕೊಡ್ತೀರಾ?"

"ಖಂಡಿತ ಕೊಡ್ತೀವಿ ಅಂಕಲ್," ಎಂದು ನಿಖಿತಾ ಹಬ್ಬದ ಹಿತ್ತಾಳೆ ಚೊಂಬನ್ನೇ ತಂದಳು. "ಆದ್ರೆ ಹಬ್ಬ ಬಂತು ಅಂತ ಮಾತ್ರ ತೊಳೀಬೇಡಿ!"